ಅಮೆರಿಕದ ಆ ದಶಕ: 2008ಕ್ಕೆ ಎರಡೇ ಸಾಲು ಸಾಕೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ 2000ದಿಂದ 2010ರವರೆಗಿನ ವರ್ಷಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅರ್ಧಕ್ಕಿಂತ ಜಾಸ್ತಿ ಜಾಗ ಅವಳಿ ಗೋಪುರಗಳ ಮೇಲಿನ ದಾಳಿಗೇ ಹೋಗಿದೆ. ಉಳಿದದ್ದನ್ನು ಇರಾಕ್ ಯುದ್ಧ ಮತ್ತು ಒಬಾಮ ಗೆಲುವು ಹಂಚಿಕೊಂಡಿವೆ. 2008ರ ಆರ್ಥಿಕ ಕುಸಿತಕ್ಕೆ ಸಿಕ್ಕಿದ್ದು ಎರಡೇ ಸಾಲು. ಅದರಲ್ಲೂ ಅಮೆರಿಕನ್ನರು ಹಾಸಿಗೆ ಇದ್ದಷ್ಟು ಕಾಲು ಚಾಚದೆ ಸಾಲದಲ್ಲಿ ಮುಳುಗಿದರು ಅಂತ ಬರೆದು ಮುಗಿಸಿದ್ದಾರೆ. ಈ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಕೇಳೋದಕ್ಕೂ ಹಿತವಾಗಿದೆ. ಆದರೆ ನಡೆದದ್ದು ಅಷ್ಟು ಸಲೀಸಲ್ಲ.

2001ರ ಸೆಪ್ಟೆಂಬರ್ 11 ಸಣ್ಣ ಸಂಗತಿ ಅಂತ ನಾನು ಹೇಳುತ್ತಿಲ್ಲ. ಒಂದೇ ಬೆಳಿಗ್ಗೆ ಸುಮಾರು 3,000 ಜನ ಸತ್ತರು. ನಾಲ್ಕೇ ದಿನದಲ್ಲಿ ಅರಿಜೋನಾದ ಮೆಸಾದಲ್ಲಿ ಪೇಟ ಕಟ್ಟಿದ್ದ ಒಬ್ಬ ಸಿಖ್ಖರನ್ನು ಅವರದ್ದೇ ಪೆಟ್ರೋಲ್ ಬಂಕಿನ ಎದುರು ಗುಂಡಿಟ್ಟು ಕೊಂದ ಒಬ್ಬ. ಅವನಿಗೆ ಸಿಖ್ಖರು ಯಾರು, ಅರಬ್ಬರು ಯಾರು ಅನ್ನೋದೂ ಗೊತ್ತಿರಲಿಲ್ಲ. ಆಮೇಲೆ ಅಫ್ಘಾನಿಸ್ತಾನ, 2003ರಲ್ಲಿ ಇರಾಕ್. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅಂತ ಹೇಳಿಕೊಂಡು ಹೋದರು, ಅವು ಸಿಗಲೇ ಇಲ್ಲ. ಇದೆಲ್ಲ ನಿಮ್ಮ ಲೇಖನದಲ್ಲಿ ಸರಿಯಾಗಿಯೇ ಬಂದಿದೆ.

ಬರದೇ ಹೋದದ್ದು ಇವುಗಳ ನಡುವಿನ ನಂಟು. 2001ರ ಆರಂಭದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಬಡ್ಡಿ ದರ ಶೇ 6.5 ಇತ್ತು. ಡಾಟ್‌ಕಾಮ್ ಅಂತ ಕರೆಯುತ್ತಿದ್ದ ಇಂಟರ್ನೆಟ್ ಕಂಪನಿಗಳು ಮುಳುಗಿದ್ದವು. ಅದರ ಮೇಲೆ ಸೆಪ್ಟೆಂಬರ್ ದಾಳಿಯ ಹೊಡೆತ. ದರ ಇಳಿಸುತ್ತಾ ಇಳಿಸುತ್ತಾ 2003ರ ಜೂನ್ ಹೊತ್ತಿಗೆ ಶೇ 1ಕ್ಕೆ ತಂದರು. ಅಗ್ಗದ ಹಣ ಎಲ್ಲಿಗಾದರೂ ಹೋಗಲೇಬೇಕಲ್ವಾ, ಅದು ಮನೆ ಸಾಲಕ್ಕೆ ಹೋಯಿತು.

ಆ ಸಾಲ ಕೊಟ್ಟ ಬಗೆ ಹೇಗಿತ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇಲ್ಲಿ ನಾವು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಸಂಬಳದ ಚೀಟಿ, ಜಾಮೀನು, ಖಾತೆ ಪಹಣಿ ಎಲ್ಲ ಕೇಳಿ ಸುಸ್ತು ಮಾಡುತ್ತಾರೆ, ಅಲ್ಲೂ ಹಾಗೇ ಇರುತ್ತದೆ ಅಂತ ನಮ್ಮ ಅಂದಾಜು. ಅಲ್ಲಿ ಆಗ ಸಾಲ ಕೊಡಿಸುವ ಏಜೆಂಟನಿಗೆ ಕಮಿಷನ್ ಸಿಕ್ಕರೆ ಮುಗಿಯಿತು. ಸಾಲ ಕೊಟ್ಟ ಕಂಪನಿ ಅದನ್ನು ಕೂಡಲೇ ವಾಲ್ ಸ್ಟ್ರೀಟಿನ ದೊಡ್ಡ ಬ್ಯಾಂಕುಗಳಿಗೆ ಮಾರುತ್ತಿತ್ತು. ಅವರು ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿ ಬಾಂಡ್ ಮಾಡಿ, ರೇಟಿಂಗ್ ಕಂಪನಿಗಳಿಂದ ಅತ್ಯುತ್ತಮ ದರ್ಜೆಯ ಮುದ್ರೆ ಹಾಕಿಸಿಕೊಂಡು ಇಡೀ ಪ್ರಪಂಚಕ್ಕೆ ಮಾರುತ್ತಿದ್ದರು. ಸಾಲ ಪಡೆದವನು ತೀರಿಸುತ್ತಾನಾ ಇಲ್ವಾ ಅನ್ನೋದು ಯಾರ ತಲೆನೋವೂ ಅಲ್ಲ. ಮೊದಲ ಎರಡು ವರ್ಷ ಕಡಿಮೆ ಕಂತು, ಮೂರನೇ ವರ್ಷದಿಂದ ಬಡ್ಡಿ ಏರುತ್ತದೆ. ಅಷ್ಟರಲ್ಲಿ ಮನೆ ಬೆಲೆ ಏರಿರುತ್ತದೆ, ಆಗ ಹೊಸ ಸಾಲ ಮಾಡಿ ಹಳೆಯದು ತೀರಿಸಿ ಅಂತ ಏಜೆಂಟನೇ ಹೇಳಿಕೊಡುತ್ತಿದ್ದ. ಬೆಲೆ ಏರೋದು ನಿಂತಾಗ ಹೊಸ ಸಾಲ ಸಿಗಲಿಲ್ಲ, ಏರಿದ ಕಂತು ಕಟ್ಟೋಕೂ ಆಗಲಿಲ್ಲ. ಇಂಥ ಸಾಲ ಪಡೆದವರಲ್ಲಿ ಬಹಳ ಜನ ಹೊಸ ಮನೆ ಕೊಂಡವರೂ ಅಲ್ಲ, ಇದ್ದ ಮನೆಯ ಮೇಲೆಯೇ ಮತ್ತೆ ಸಾಲ ತೆಗೆದವರು. ಕಂಟ್ರಿವೈಡ್ ಎಂಬ ಕಂಪನಿ ಕಪ್ಪು ಜನರಿಂದ ಮತ್ತು ಹಿಸ್ಪಾನಿಕ್ ಜನರಿಂದ ಬಿಳಿಯರಿಗಿಂತ ಜಾಸ್ತಿ ವಸೂಲಿ ಮಾಡಿದೆ ಎಂಬ ಆರೋಪವನ್ನು ಬಗೆಹರಿಸಿಕೊಳ್ಳಲು 2011ರಲ್ಲಿ 33.5 ಕೋಟಿ ಡಾಲರ್ ಕಟ್ಟಬೇಕಾಯಿತು. ಇದು ಬರೀ ಹಾಸಿಗೆ, ಕಾಲಿನ ಕಥೆಯೇ?

2009ರಲ್ಲಿ ಮಗಳ ಬಾಣಂತನಕ್ಕೆ ಅಂತ ನಾವು ಗಂಡ ಹೆಂಡತಿ ಅರಿಜೋನಾದ ಚಾಂಡ್ಲರ್‌ಗೆ ಹೋಗಿದ್ದೆವು. ಫೀನಿಕ್ಸ್ ಪಕ್ಕದ ಊರು ಅದು. ಚಿಪ್ ಕಾರ್ಖಾನೆ ಇರೋದರಿಂದ ನಮ್ಮವರೂ ಸಾಕಷ್ಟಿದ್ದಾರೆ. ಬೆಳಗಿನ ವಾಕಿಂಗ್ ಹೋದರೆ ಬೀದಿಗೆ ಎರಡು ಮೂರು ಮನೆ ಖಾಲಿ. ಹುಲ್ಲು ಒಣಗಿ ಕಂದಾಗಿದೆ, ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿಸಿದ್ದಾರೆ, ಹಿತ್ತಲಿನ ಈಜುಕೊಳದ ನೀರು ಪಾಚಿ ಕಟ್ಟಿ ಸೊಳ್ಳೆ ಸಾಕಿಕೊಂಡಿದೆ. ಎದುರು ಮನೆಯವರು ಕಟ್ಟಡ ಕೆಲಸದ ಮೇಸ್ತ್ರಿ. ಅವರದ್ದು ಮೋಸದ ಸಾಲವೂ ಅಲ್ಲ, ಮಾಮೂಲು ಸಾಲ, ವರ್ಷಗಟ್ಟಲೆ ತಪ್ಪದೆ ಕಂತು ಕಟ್ಟಿದ್ದರಂತೆ. ಹೊಸ ಮನೆ ಕಟ್ಟೋದೇ ನಿಂತ ಮೇಲೆ ಮೇಸ್ತ್ರಿಗೆ ಏನು ಕೆಲಸ? ಇಂಥವರು ಆಗ ಲಕ್ಷಗಟ್ಟಲೆ. ದೇಶದಲ್ಲಿ ಒಟ್ಟು ಸುಮಾರು 87 ಲಕ್ಷ ಕೆಲಸ ಹೋದವು, 2009ರ ಅಕ್ಟೋಬರಿನಲ್ಲಿ ನಿರುದ್ಯೋಗ ಶೇ 10ಕ್ಕೆ ಮುಟ್ಟಿತು. ಫೀನಿಕ್ಸ್ ಸುತ್ತಮುತ್ತ ಮನೆ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಮನೆಯ ಬೆಲೆಗಿಂತ ಬಾಕಿ ಸಾಲವೇ ದೊಡ್ಡದಾದಾಗ ಎಷ್ಟೋ ಜನ ಬೀಗದ ಕೈ ಬ್ಯಾಂಕಿಗೆ ಅಂಚೆಯಲ್ಲಿ ಕಳಿಸಿ ಹೊರಟೇಬಿಟ್ಟರು.

ಜನರನ್ನು ಕೆರಳಿಸಿದ್ದು ಮಾತ್ರ ಸರ್ಕಾರದವರು ಯಾರನ್ನು ಉಳಿಸಿದರು, ಯಾರನ್ನು ಬಿಟ್ಟರು ಅನ್ನೋ ಲೆಕ್ಕ. 2008ರ ಸೆಪ್ಟೆಂಬರ್ 15ಕ್ಕೆ, ಇಂಥ ಮನೆ ಸಾಲದ ವ್ಯವಹಾರದಲ್ಲಿ ಮುಳುಗಿದ್ದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ. 1850ರಲ್ಲಿ ಶುರುವಾದ ಕಂಪನಿ ಅದು. ಅದನ್ನು ಬಿಟ್ಟುಬಿಟ್ಟರು, ಮಾರನೇ ದಿನವೇ ವಿಮಾ ಕಂಪನಿ ಎಐಜಿಗೆ 8,500 ಕೋಟಿ ಡಾಲರ್ ಸಾಲ. ಅಕ್ಟೋಬರಿನಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರಿನ ಕಾನೂನು. ಬ್ಯಾಂಕುಗಳಿಗೆ ಕೊಟ್ಟ ಹಣ ಮುಂದೆ ಬಡ್ಡಿ ಸಮೇತ ವಾಪಸ್ ಬಂತು, ಅದನ್ನು ಒಪ್ಪಲೇಬೇಕು. ಬ್ಯಾಂಕುಗಳು ಬಿದ್ದಿದ್ದರೆ ಮೇಸ್ತ್ರಿಯಂಥವರ ಪಾಡು ಇನ್ನೂ ಕೆಡುತ್ತಿತ್ತು ಅನ್ನೋದೂ ನಿಜವೇ. ಆದರೆ 2009ರ ಮಾರ್ಚಿನಲ್ಲಿ ಅದೇ ಎಐಜಿ ತನ್ನ ನೌಕರರಿಗೆ 16.5 ಕೋಟಿ ಡಾಲರ್ ಬೋನಸ್ ಹಂಚಿತು! ಮನೆ ಸಾಲದವರಿಗೂ ಯೋಜನೆ ಬಂತು, 30ರಿಂದ 40 ಲಕ್ಷ ಕುಟುಂಬಗಳಿಗೆ ನೆರವು ಅಂತ ಘೋಷಿಸಿದರು, ಅದು ಆ ಸಂಖ್ಯೆಯ ಹತ್ತಿರಕ್ಕೂ ಹೋಗಲಿಲ್ಲ. ಮೇಲಾಗಿ 2010ರಲ್ಲಿ ಹೊರಬಿದ್ದ ಸಂಗತಿ ನೋಡಿ. ಮನೆ ಜಪ್ತಿಯ ಸಾವಿರಾರು ದಾಖಲೆಗಳಿಗೆ ಬ್ಯಾಂಕಿನವರು ಓದದೆ ಸುಮ್ನೆ ರುಜು ಹಾಕುತ್ತಾ ಕೂತಿದ್ದರು. ದೊಡ್ಡ ಬ್ಯಾಂಕುಗಳ ಮುಖ್ಯಸ್ಥರಲ್ಲಿ ಒಬ್ಬರೂ ಜೈಲಿಗೆ ಹೋಗಲಿಲ್ಲ.

2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಬಂದು, ತಡೆಗೋಡೆ ಒಡೆದು, ನ್ಯೂ ಆರ್ಲಿಯನ್ಸ್‌ನ ಶೇ 80 ಭಾಗ ನೀರಲ್ಲಿ ಮುಳುಗಿ, ಜನ ಕ್ರೀಡಾಂಗಣದಲ್ಲಿ ದಿನಗಟ್ಟಲೆ ಸಹಾಯಕ್ಕೆ ಕಾದಾಗಲೇ ಸರ್ಕಾರದ ಮೇಲಿನ ನಂಬಿಕೆ ಅಲುಗಾಡಿತ್ತು. ಆದರೆ ಅದು ಒಂದು ಊರಿನ ಮಾತು ಅಂತ ಉಳಿದವರು ಟಿವಿ ನೋಡಿ ಮರುಗಿದರು. 2008ರ ಪೆಟ್ಟು ಪ್ರತಿ ಬೀದಿಗೂ ಬಿತ್ತು.

ರಾಜಕೀಯದಲ್ಲಿ ಆ ಸಿಟ್ಟು ಎರಡು ದಿಕ್ಕಿಗೆ ಸಿಡಿಯಿತು. 2009ರ ಫೆಬ್ರವರಿಯಲ್ಲಿ ಸಿಎನ್‌ಬಿಸಿ ವಾಹಿನಿಯ ರಿಕ್ ಸ್ಯಾಂಟೆಲ್ಲಿ ಚಿಕಾಗೋದ ವಹಿವಾಟು ಕೇಂದ್ರದಿಂದಲೇ, ಪಕ್ಕದ ಮನೆಯವನ ಸಾಲ ನಾವ್ಯಾಕೆ ಕಟ್ಟಬೇಕು ಅಂತ ನೇರ ಪ್ರಸಾರದಲ್ಲಿ ಕೂಗಾಡಿದರು. ಸರ್ಕಾರದ ಖರ್ಚು, ತೆರಿಗೆ ವಿರೋಧಿಸಿದ ಬಲಪಂಥೀಯರ ಟೀ ಪಾರ್ಟಿ ಚಳವಳಿಗೆ ಅದೇ ಕಿಡಿ. 2011ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಝುಕೋಟಿ ಪಾರ್ಕಿನಲ್ಲಿ ಟೆಂಟು ಹಾಕಿದವರದ್ದು ಬ್ಯಾಂಕುಗಳ ಮೇಲಿನ ಸಿಟ್ಟು. ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ. ಆದರೆ ಬ್ಯಾಂಕುಗಳಿಗೆ ಕೊಟ್ಟ ದುಡ್ಡಿನ ಮೇಲೆ ಇಬ್ಬರಿಗೂ ಸಿಟ್ಟಿತ್ತು. 2016ರಲ್ಲಿ ಟ್ರಂಪ್ ಗೆದ್ದಾಗ ನಮ್ಮ ಪತ್ರಿಕೆಗಳೆಲ್ಲ ಆಶ್ಚರ್ಯಪಟ್ಟವು. 2009ರ ಆ ಬೀದಿಗಳನ್ನು ನೋಡಿದ್ದವರಿಗೆ ಅಷ್ಟೇನೂ ಆಶ್ಚರ್ಯ ಆಗಿರಲಾರದು.

ಇದರಲ್ಲಿ ನಮ್ಮವರ ಪಾಲೂ ಇದೆ, ಅದೂ ನಿಮ್ಮ ಲೇಖನದಲ್ಲಿಲ್ಲ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಈಗ 60 ದಿನದವರೆಗೆ ಅವಕಾಶ ಇದೆ. ಆ ನಿಯಮ ಬಂದದ್ದು 2017ರಲ್ಲಿ. 2008, 2009ರಲ್ಲಿ ಅದೂ ಇರಲಿಲ್ಲ. ಮನೆ ಕೊಂಡಿದ್ದವರು, ಮಕ್ಕಳನ್ನು ಶಾಲೆಗೆ ಸೇರಿಸಿದ್ದವರು ದಿಢೀರನೆ ಗಂಟುಮೂಟೆ ಕಟ್ಟಿದರು. ಸರ್ಕಾರದ ನೆರವು ಪಡೆದ ಬ್ಯಾಂಕುಗಳು ಎಚ್-1ಬಿ ನೌಕರರನ್ನು ಹೊಸದಾಗಿ ತೆಗೆದುಕೊಳ್ಳೋದಕ್ಕೆ 2009ರ ಕಾನೂನಿನಲ್ಲಿ ಹೆಚ್ಚಿನ ಕಟ್ಟುಪಾಡು ಬೇರೆ ಹಾಕಿದರು.

ಹಾಗೆ ಬಂದವರು ಬೆಂಗಳೂರು, ಮೈಸೂರಿನಲ್ಲಿ ಈಗಲೂ ಇದ್ದಾರೆ, ಮಾತಾಡಿಸಿದರೆ ಮಾತಾಡುತ್ತಾರೆ. ನಿಮ್ಮ ವರದಿಗಾರರನ್ನು ಒಮ್ಮೆ ಅವರ ಹತ್ತಿರ ಕಳಿಸಿ, ಪುರವಣಿಯಲ್ಲಿ ಆ ವರ್ಷಕ್ಕೆ ಒಂದು ಪೂರ್ತಿ ಪುಟ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ, ಮೈಸೂರು