ಫೋಟೋದಲ್ಲಿರುವ ಬೋಳುತಲೆ ನನ್ನದು

ಮಾನ್ಯ ಸಂಪಾದಕರೇ,

ಮೈಸೂರಿನ ದೇವರಾಜ ಮಾರುಕಟ್ಟೆಯ ಫೋಟೋ ನಡಿಗೆ ಬಗ್ಗೆ ಸೋಮವಾರ ನೀವು ಹಾಕಿದ ವರದಿ ನೋಡಿದೆ. ಬಣ್ಣಗಳ ನಡುವೆ ಬದುಕು ಅಂತ ಅರ್ಧ ಪುಟದ ಫೋಟೋ ಬೇರೆ. ಅದರಲ್ಲಿ ಬಲಗಡೆ ಬಗ್ಗಿರುವ ಬೋಳುತಲೆ ನನ್ನದು.

ಅದು ಬದುಕಲ್ಲ ಸ್ವಾಮಿ, ನಷ್ಟ. ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಹುಡುಗರು ಕ್ಯಾಮೆರಾ ನೇತುಹಾಕಿಕೊಂಡು ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ನುಗ್ಗಿದರು. ಒಬ್ಬ ನನ್ನ ಅಂಗಡಿ ಮುಂದೆ ಕುಕ್ಕರಗಾಲಲ್ಲಿ ಕೂತ. ಏಳುವಾಗ ಅವನ ಬ್ಯಾಗಿನ ಪಟ್ಟಿ ತಗುಲಿತು. ಆಗಷ್ಟೇ ಗೋಪುರ ಮಾಡಿಟ್ಟಿದ್ದ ಕುಂಕುಮ ಪಕ್ಕದ ಅರಿಶಿನದ ತಟ್ಟೆಗೆ ಸುರಿಯಿತು. ಬೆರೆತರೆ ಎರಡೂ ಹೋದ ಹಾಗೇ. ‘ಸಾರಿ ಅಂಕಲ್’ ಎಂದ. ನಾನು ಮೊರ ತಂದು ಬಾಚತೊಡಗಿದೆ. ‘ಹಾಗೇ ಬಗ್ಗಿರಿ ಅಂಕಲ್, ನನ್ನ ಕಡೆ ನೋಡಬೇಡಿ’ ಅಂತ ಮತ್ತೆ ಪಟಪಟ ತೆಗೆದ! ನೀವು ಹಾಕಿರುವುದು ಅದನ್ನೇ.

ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬರು ಮುಖಕ್ಕೆ ಸೆರಗು ಅಡ್ಡ ಹಿಡಿದು ಹೊರಟೇಹೋದರು. ಕಾಲು ಕೆಜಿ ಕಟ್ಟಿಟ್ಟಿದ್ದೆ, ಅಲ್ಲೇ ಉಳಿಯಿತು. ಬಂದ ಹುಡುಗರಲ್ಲಿ ಒಬ್ಬನಾದರೂ ಒಂದು ಮೊಳ ಹೂ ಕೊಂಡನೇ? ಈಗ ಬೀಗರು ಅದೇ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಫೇಮಸ್ ಆಗಿಬಿಟ್ರಿ’ ಅಂತಿದ್ದಾರೆ.

ಕೇಳಿ ತೆಗೆಯಬಾರದೇನಪ್ಪಾ ಅಂದರೆ, ಹೇಳಿ ತೆಗೆದರೆ ನ್ಯಾಚುರಲ್ ಬರಲ್ವಂತೆ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸಾನ್ ಕ್ಯಾಮೆರಾ ಹೊಳೆಯಬಾರದೆಂದು ಕಪ್ಪು ಟೇಪ್ ಅಂಟಿಸಿಕೊಂಡು ತಿರುಗುತ್ತಿದ್ದರಂತೆ. ಸಂಜೆ ಮಗಳು ಮೊಬೈಲ್‌ನಲ್ಲಿ ಹುಡುಕಿ ಓದಿದಳು. ಅದೇ ಮಹಾನುಭಾವರು 1975ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗೌರವ ಪದವಿ ತೆಗೆದುಕೊಳ್ಳುವಾಗ, ತಮ್ಮ ಫೋಟೋ ಯಾರೂ ತೆಗೆಯಬಾರದೆಂದು ಮುಖಕ್ಕೆ ಕಾಗದ ಅಡ್ಡ ಹಿಡಿದಿದ್ದರಂತೆ! ನನ್ನ ಕೈಯಲ್ಲಿ ಮೊರ ಇತ್ತು, ಹೊಳೆಯಲಿಲ್ಲ.

ಮಾತಾಡಿಸುವವರೂ ಕಮ್ಮಿ ಇಲ್ಲ. ಎಷ್ಟು ವರ್ಷದ ಅಂಗಡಿ, ಮಕ್ಕಳೇನು ಮಾಡ್ತಾರೆ ಅಂತ ವ್ಯಾಪಾರದ ಹೊತ್ತಲ್ಲಿ ಅರ್ಧ ಗಂಟೆ ತಿಂತಾರೆ. ಒಬ್ಬರು ಮಾತ್ರ ಹಿಂದೆ ಕೇಳಿ ತೆಗೆದು, ಮುಂದಿನ ತಿಂಗಳು ಪ್ರಿಂಟ್ ತಂದುಕೊಟ್ಟರು. ಅದು ಈಗಲೂ ಗಲ್ಲಾಪೆಟ್ಟಿಗೆ ಮೇಲಿದೆ. ಅದರಲ್ಲಿ ಕೂದಲೂ ಇದೆ.

ಇನ್ನು ಅಧಿಕಾರಿಗಳು. 2016ರಲ್ಲಿ ಮಾರುಕಟ್ಟೆ ಕಟ್ಟಡದ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತಲ್ಲ, ಅವತ್ತಿನಿಂದ ಕೆಡವೋದೋ ಉಳಿಸೋದೋ ಅಂತ ಕೇಳಿ ಕೇಳಿ ಸಾಕಾಯಿತು. ಅವರೂ ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಮಳೆ ಬಂದರೆ ಅಂಗಡಿ ಮೇಲೆ ಸೋರುವುದನ್ನು ಮಾತ್ರ ಯಾರೂ ಹೀಗೆ ಹೇಳದೆ ಕೇಳದೆ ‘ಕ್ಯಾಂಡಿಡ್’ ತೆಗೆಯುವುದಿಲ್ಲ.

ಆದ್ದರಿಂದ ಮಾರುಕಟ್ಟೆಯೊಳಗೆ ಕ್ಯಾಮೆರಾ ಬಿಡಲೇಬಾರದು. ಬಿಟ್ಟರೂ ಕೇಳಿ ತೆಗೆಯಬೇಕು. ಕೇಳುವುದಾದರೆ ಭಾನುವಾರ, ಹಬ್ಬದ ದಿನ ಕೇಳಬಾರದು. ಸೋರುವುದನ್ನೂ ಸಂಬಂಧಪಟ್ಟವರು ನೋಡಲಿ. ಆ ಹುಡುಗ ಇದನ್ನು ಓದಿದರೆ ಬಂದು ಕುಂಕುಮದ ದುಡ್ಡು ಕೊಟ್ಟು ಹೋಗಲಿ. ಅರಿಶಿನದ್ದೂ.

— ಅರಿಶಿನ ಕುಂಕುಮದ ವ್ಯಾಪಾರಿ, ಮೈಸೂರು