ಧಾರಣೆ ಪುಟ 30 ಸೆಕೆಂಡ್ ಹಳೆಯದಿರಬಹುದು, ಖಾತೆ ಬಾಕಿ ಹಾಗಲ್ಲ

ರಾಯಚೂರು ಗಂಜಿನ ಅಡತಿ ಅಂಗಡಿ, ಜಿನ್ನಿಂಗ್ ಮಿಲ್ ಹಾಗೂ ಅಕ್ಕಿ ಗಿರಣಿಯ ಗ್ರಾಹಕರಿಗೆ ನಮಸ್ಕಾರ.

ಬರುವ ಸೋಮವಾರದಿಂದ ನಮ್ಮ ಆಪ್‌ನ ಹತ್ತಿ, ಭತ್ತದ ಧಾರಣೆ ಪುಟ ಮತ್ತು ಆವಕದ ಪುಟ ಪ್ರತಿ ಸಲ ಡೇಟಾಬೇಸ್ ಕೇಳುವುದಿಲ್ಲ. ಉತ್ತರವನ್ನು ರೆಡಿಸ್‌ನಲ್ಲಿ, ಅಂದರೆ ಸರ್ವರಿನ ಮೆಮೊರಿಯಲ್ಲಿ ಇಟ್ಟುಕೊಂಡು ಕೊಡುತ್ತದೆ. ಹೀಗೆ ಇಟ್ಟುಕೊಂಡ ಉತ್ತರಗಳ ಸಂಗ್ರಹಕ್ಕೆ ಕ್ಯಾಶ್ ಎನ್ನುತ್ತಾರೆ, ಇದು ನಗದು ಹಣದ ಕ್ಯಾಶ್ ಅಲ್ಲ.

ಟೆಂಡರ್ ತೆರೆಯುವ ಹೊತ್ತಿಗೆ ಎಲ್ಲರ ಕಣ್ಣೂ ಒಂದೇ ಪುಟದ ಮೇಲೆ. 600 ಫೋನು 5 ಸೆಕೆಂಡಿಗೊಮ್ಮೆ ರಿಫ್ರೆಶ್ ಆದರೆ ಸೆಕೆಂಡಿಗೆ 120 ಸಲ ಅದೇ ಕ್ವೆರಿ, ಅದೇ ಉತ್ತರ. ಅಷ್ಟರಲ್ಲಿ ಕನೆಕ್ಷನ್‌ಗಳೆಲ್ಲ ತುಂಬಿ, ತೂಕದ ಚೀಟಿ ತೆಗೆಯುವವರೂ ಕಾಯುತ್ತಾ ಕೂರಬೇಕು.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲೇ ಕ್ಯಾಶ್ ಇತ್ತಲ್ಲ ಎಂದು ನಿಮ್ಮಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಕೇಳಬಹುದು. 2018ರ 8.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಟೇಬಲಿನಲ್ಲಿ ಒಂದು ಸಾಲು ಬದಲಾದರೆ ಆ ಟೇಬಲಿನ ಉತ್ತರಗಳೆಲ್ಲ ಅಳಿಯುತ್ತಿದ್ದವು. ಬಿಡ್ ಸುರಿಯುವ ಟೇಬಲಿಗೆ ಅದು ಇದ್ದೂ ಇಲ್ಲದಂತೆ.

ಈಗಿನ ಏರ್ಪಾಡು ಹೀಗಿದೆ: 20 ಸೆಕೆಂಡಿಗೆ ಉತ್ತರ ಹಳತಾಯಿತೆಂದು ಲೆಕ್ಕ, 30ಕ್ಕೆ ಅಳಿಸಿಹೋಗುತ್ತದೆ. 20 ದಾಟಿದ ಮೇಲೆ ಮೊದಲು ಬಂದವರೊಬ್ಬರ ವಿನಂತಿ ಮಾತ್ರ ಡೇಟಾಬೇಸಿಗೆ ಹೋಗಿ ಹೊಸದನ್ನು ತರುತ್ತದೆ. ಉಳಿದವರಿಗೆ ಆ ಕ್ಷಣಕ್ಕೆ ಹಳೆಯದೇ ಸಿಗುತ್ತದೆ. ಹೀಗೆ ಮಾಡದಿದ್ದರೆ ಅವಧಿ ಮುಗಿದ ಗಳಿಗೆಗೆ 600 ಮಂದಿಯೂ ಒಟ್ಟಿಗೆ ನುಗ್ಗುತ್ತಾರೆ, ಕ್ಯಾಶ್ ಇಟ್ಟದ್ದೇ ದಂಡ.

ದರ ತಿದ್ದಿದಾಗ ಕಮಿಟ್ ಆದ ಮೇಲೆಯೇ, ಅಂದರೆ ಹೊಸ ದರ ಡೇಟಾಬೇಸಿನಲ್ಲಿ ಖಾಯಂ ಆದ ಮೇಲೆಯೇ, ಹಳೆಯ ಉತ್ತರ ಅಳಿಸುತ್ತೇವೆ. ಮೊದಲೇ ಅಳಿಸಿದರೆ ನಡುವೆ ಬಂದ ವಿನಂತಿ ಹಳೆ ದರವನ್ನೇ ಓದಿ ಮತ್ತೆ ಕ್ಯಾಶಿಗೆ ತುಂಬಿಬಿಡುತ್ತದೆ. ಕಮಿಟ್ ನಂತರ ಅಳಿಸಿದರೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. 30 ಸೆಕೆಂಡಿನ ಮಿತಿ ಅದಕ್ಕಾಗಿಯೂ ಹೌದು. ಉತ್ತರವನ್ನು ಇಟ್ಟು ಹುಡುಕುವ ಹೆಸರಿಗೆ ಕೀಲಿ ಎನ್ನುತ್ತೇವೆ. ಪ್ರತಿ ಕೀಲಿಯಲ್ಲೂ ಅಂಗಡಿ ಸಂಖ್ಯೆ, ಪದಾರ್ಥ, ದಿನಾಂಕ ಇವೆ. ಅಂಗಡಿ ಸಂಖ್ಯೆ ಬಿಟ್ಟುಹೋದರೆ ಒಬ್ಬರ ಲಾಟು ಇನ್ನೊಬ್ಬರ ಪರದೆಯಲ್ಲಿ ಕಾಣುತ್ತದೆ. ನಮ್ಮ ಪ್ರಕಾರ ಕ್ಯಾಶ್‌ನಲ್ಲಿ ಇದಕ್ಕಿಂತ ಕೆಟ್ಟ ತಪ್ಪಿಲ್ಲ. ಮೆಮೊರಿಗೆ 512 ಎಂಬಿ ಮಿತಿ ಹಾಕಿ, ತುಂಬಿದಾಗ ಬಹಳ ಹೊತ್ತು ಯಾರೂ ಕೇಳದ ಉತ್ತರ ಹೋಗುವಂತೆ ಮಾಡಿದ್ದೇವೆ. ರೆಡಿಸ್ ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಮಿತಿ ಮುಟ್ಟಿದೊಡನೆ ಬರೆಯಲು ನಿರಾಕರಿಸುತ್ತದೆ.

ಖಾತೆ ಬಾಕಿ, ರೈತರ ಪಾವತಿ, ಬಿಡ್ ಸ್ವೀಕಾರ ಇವನ್ನು ಕ್ಯಾಶ್‌ಗೆ ಹಾಕಿಲ್ಲ, ಹಾಕುವುದೂ ಇಲ್ಲ. ನೀವು ಬಿಡ್ ಒತ್ತಿದಾಗ ತಾಳೆ ನೋಡುವುದು ಡೇಟಾಬೇಸಿನ ದರವನ್ನೇ.

ನಿಮ್ಮಿಂದ ಆಗಬೇಕಾದದ್ದು ಇಷ್ಟು. ಧಾರಣೆ ಪುಟದ ಕೆಳಗೆ ‘11:42:10ರ ಲೆಕ್ಕ’ ಎಂಬಂತೆ ಸಮಯ ಕಾಣುತ್ತದೆ. ರಿಫ್ರೆಶ್ ಮಾಡಿದರೂ ಅದು 30 ಸೆಕೆಂಡಿಗಿಂತ ಹಿಂದಿದ್ದರೆ ಮೊದಲು ಫೋನಿನ ಗಡಿಯಾರ ಸರಿಯಿದೆಯೇ ನೋಡಿ, ಆಮೇಲೆ ನಮಗೆ ಕರೆ ಮಾಡಿ. ಎಕ್ಸೆಲ್ ದರಪಟ್ಟಿಯನ್ನು ಆಪ್‌ನ ಅಪ್‌ಲೋಡ್ ಪುಟದಿಂದಲೇ ಹಾಕಿ. ನಿಮ್ಮದೇ ಸ್ಕ್ರಿಪ್ಟ್‌ನಿಂದ ನೇರ ಡೇಟಾಬೇಸಿಗೆ ಬರೆದರೆ ಕ್ಯಾಶ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ರೆಡಿಸ್ ನಿಂತುಹೋದರೆ ಪುಟ ಡೇಟಾಬೇಸಿನಿಂದಲೇ ಬರುತ್ತದೆ, ನಿಧಾನವಾಗಿ. ಆಗ ದಯವಿಟ್ಟು ರಿಫ್ರೆಶ್ ಒತ್ತುತ್ತಲೇ ಇರಬೇಡಿ.

ಇಂತಿ,
ತಂತ್ರಾಂಶ ವಿಭಾಗ, ರಾಯಚೂರು