ಕ್ರಿಮಿನಾಲಜಿ ಇಂಟರ್ನ್‌ಶಿಪ್ ಮುಗಿಸ್ತಿರೋರ ಗಮನಕ್ಕೆ

ಫ್ರೆಂಡ್ಸ್, ಲಾಸ್ಟ್ ವೀಕಲ್ಲಿ ಇರೋರು ಕಂಪ್ಲೀಷನ್ ಲೆಟರ್‌ಗೆ ಸೀಲು, ಸೈನು, ಡೇಟು ಮೂರೂ ಹಾಕಿಸ್ಕೊಂಡೇ ಹೊರಡಿ, ಆಮೇಲೆ ಸೈನ್ ಹಾಕೋ ಸಾಹೇಬ್ರು ಟ್ರಾನ್ಸ್‌ಫರ್ ಆದ್ರೆ ಅಲೆದಾಟ ತಪ್ಪಲ್ಲ, ನಂಗೆ ಹಾಗೇ ಆಗಿತ್ತು.

ಇದಕ್ಕಿಂತ ಮುಖ್ಯವಾದ್ದು ರಿಪೋರ್ಟು. ಬಾಲಮಂದಿರದಲ್ಲೋ ಬಾಲನ್ಯಾಯ ಮಂಡಳೀಲೋ ನೋಡಿದ ಮಕ್ಕಳ ಹೆಸ್ರು, ಸ್ಕೂಲು, ವಿಳಾಸ, ಫೋಟೋ ಏನೂ ಬರಬಾರ್ದು, ದಯವಿಟ್ಟು ಈ ಗ್ರೂಪಲ್ಲೂ ಹಾಕ್ಬೇಡಿ, 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 74ರಲ್ಲಿ ಅದಕ್ಕೆ 6 ತಿಂಗಳ ತನಕ ಜೈಲು ಇಲ್ಲಾ 2 ಲಕ್ಷದ ತನಕ ದಂಡ, ಎರಡೂ ಆಗ್ಬಹುದು. ಶಿಕ್ಷೆ ಮಾತು ಬಿಡಿ, ಆ ಮಗು ನಾಳೆ ಅದೇ ಊರಲ್ಲಿ ತಲೆ ಎತ್ತಿ ಓಡಾಡ್ಬೇಕಲ್ವಾ.

ಆಮೇಲೆ ರಿಪೋರ್ಟಲ್ಲಿ 2024 ಜುಲೈ 1ರಿಂದ ಈಚೆಗೆ ನಡೆದ ಅಪರಾಧಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್, ಅದಕ್ಕೂ ಮುಂಚಿಂದಕ್ಕೆ ಹಳೇ ಐಪಿಸಿನೇ (ಭಾರತೀಯ ದಂಡ ಸಂಹಿತೆ), ಮಿಕ್ಸ್ ಮಾಡ್ಬೇಡಿ.